ಚಕ್ರದ ನೇರಕ್ಕೆ ಕೂರಬೇಡಿ!

ಇಡೀ ತಲ್ಲೂರಿನಲ್ಲಿ ಸೀಲಿಂಗ್ ಫ್ಯಾನಿಗೆ ಬೈಯುವವರು ಯಾರಾದರೂ ಇದ್ದರೆ ಅದು ನನ್ನ ದೊಡ್ಡಮ್ಮ ಒಬ್ಬಳೇ. ಫ್ಯಾನು ತಿರುಗದಿದ್ದರೆ ನೀವೂ ಬೈದೀರಿ. ಇವಳು ಬೈಯುವುದು ಅದು ಚೆನ್ನಾಗಿ ತಿರುಗುತ್ತಿರುವುದಕ್ಕೆ! "ತಿರ್ಗುವ ವಸ್ತು ಯಾವ್ದನ್ನೂ ನಂಬುಕಾಗ!"

ನನ್ನ ಅಮ್ಮನ ಅಕ್ಕ ಇವಳು. ಬೆಂಗಳೂರಿನಲ್ಲಿ ವಿಮಾನಗಳ ವಿನ್ಯಾಸ ಮಾಡುವ ಕಚೇರಿಯಲ್ಲಿ ತಲೆ ನರೆಯುವವರೆಗೆ ದುಡಿದು ಊರಿಗೆ ಮರಳಿದವಳು. ವಿಮಾನ ಹೇಗೆ ಹಾರಬೇಕು ಎಂಬುದು ಬೇರೆಯವರ ಚಿಂತೆ. ಎಂಜಿನ್ ಒಡೆದರೆ ಏನು ಗತಿ ಎಂಬುದು ಇವಳದು. ಒಳಗೆ ಗಿರ್ರೆಂದು ತಿರುಗುವ ಚಕ್ರ ಸಿಡಿದರೆ ಅದರ ಚೂರನ್ನು ಯಾವ ಕವಚವೂ ತಡೆಯಲಾರದಂತೆ. ಹಾಗಾಗಿ ಚಕ್ರದ ನೇರಕ್ಕೆ, ಚೂರು ಹಾರುವ ದಾರಿಯಲ್ಲಿ ಮುಖ್ಯವಾದದ್ದೇನೂ ಇರಬಾರದು. ಇರಲೇಬೇಕಾದರೆ ಎರಡೆರಡು ಇರಬೇಕು, ಒಂದು ಅತ್ತ, ಒಂದು ಇತ್ತ. ಒಂದು ತುಂಡಾದರೂ ಇನ್ನೊಂದರಿಂದ ವಿಮಾನ ನೆಲಕ್ಕಿಳಿಯಬೇಕು. ಒಳ್ಳೆಯ ಮಾತೇ. ಅದನ್ನು ನಮ್ಮ ಮನೆಯೊಳಗೆ ಯಾಕೆ ತರಬೇಕು ಹೇಳಿ?

ಬಾಗಿಲಿನ ಎರಡು ಕೀ ಒಂದೇ ಮೊಳೆಗೆ ತೂಗುವುದನ್ನು ಕಂಡು ಕೆಂಡವಾದಳು. "ಒಂದೇ ಮೊಳೆಗ್ ಹಾಕುಕೆ ಎರಡ್ ಎಂತಕ್? ಕಳ್ದ್ರೆ ಎರಡೂ ಒಟ್ಟಿಗೇ ಕಳೀತ್!" ಎಂದು ಒಂದನ್ನು ಎಲ್ಲೋ ಬಚ್ಚಿಟ್ಟಳು. ಎಲ್ಲೆಂದು ಇವತ್ತಿಗೂ ಅವಳಿಗೇ ಗೊತ್ತಿಲ್ಲ! ಕೇಳಿದರೆ, "ಆದ್ರೂ ಬಾಗಿಲ್ ತೆಗೀತಿತ್ತಲೆ? ಎರಡ್ ಇಪ್ಪುದ್ ಅದ್ಕೇ!"

ಇಷ್ಟಾದರೆ ಸಹಿಸುತ್ತಿದ್ದೆ. ಒಂದು ದಿನ ನನ್ನ ಹಿಟ್ಟಿನ ಗಿರಣಿಗೇ ಬಂದಳು. ಅಲ್ಲಿ ಅಪ್ಪನ ಕಾಲದ ದೊಡ್ಡ ಕಬ್ಬಿಣದ ಚಕ್ರ, ಅದಕ್ಕೊಂದು ಬೆಲ್ಟು. ಚಕ್ರದ ನೇರಕ್ಕೆ, ತಂಪಾದ ನೆರಳಲ್ಲಿ, ಗಿರಾಕಿಗಳ ಬೆಂಚು.

"ಹ್ವಾಯ್, ಏಳಿ ಎಲ್ರೂ!" ದೊಡ್ಡಮ್ಮ ಅಬ್ಬರಿಸಿದಳು.

ಮೀನು ಮಾರುವ ಹೆಂಗಸೊಬ್ಬಳು ಹಾರಿಬಿದ್ದು, "ಎಂತ ಅಮ್ಮಾ, ಹಾವಾ?" ಎಂದಳು.

"ಹಾವಾದ್ರೆ ಒಬ್ಬರ್ನ್ ಕಚ್ಚತ್ತ್. ಇದ್ ಎಲ್ರನ್ನೂ!"

ಬೆಂಚನ್ನು ತಾನೇ ದರದರ ಎಳೆದು ಸುಡು ಬಿಸಿಲಿಗೆ ಹಾಕಿದಳು. ಮೇನ್ ಸ್ವಿಚ್ಚೂ ಚಕ್ರದ ನೇರಕ್ಕಿತ್ತು. ಎಲೆಕ್ಟ್ರಿಷಿಯನ್ ಬಂದು ಅದನ್ನು ಬಾಗಿಲ ಬಳಿಗೆ ಸರಿಸುವವರೆಗೆ ಜಾಗ ಬಿಟ್ಟು ಕದಲಲಿಲ್ಲ.

ನನ್ನ ಪಿತ್ತ ನೆತ್ತಿಗೇರಿತು. "ಇದ್ ವಿಮಾನ ಅಲ್ಲ ದೊಡ್ಡಮ್ಮ, ಗಿರಣಿ!"

"ಹೌದ್! ವಿಮಾನ ಆಗಿದ್ರೆ ನಿನ್ನಂಥವ್ನನ್ನ ಹತ್ರ ಬಪ್ಪುಕೇ ಬಿಡ್ತಿರ್ಲಿಲ್ಲ!"

ಬಿಸಿಲಲ್ಲಿ ಬೆಂದ ಗಿರಾಕಿಗಳಲ್ಲಿ ಅರ್ಧ ಮಂದಿ ನನಗೆ ಶಾಪ ಹಾಕುತ್ತಾ ಬೇರೆ ಗಿರಣಿಯ ದಾರಿ ಹಿಡಿದರು. ನಾನು ದೊಡ್ಡಮ್ಮನೊಡನೆ ಮಾತು ಬಿಟ್ಟೆ. ಅವಳೂ ಬಿಟ್ಟಳು. ಬೈಗುಳ ಮಾತ್ರ ಬಿಡಲಿಲ್ಲ; ಅಮ್ಮನ ಮೂಲಕ ಹೇಳಿ ಕಳಿಸುತ್ತಿದ್ದಳು!

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಅಕ್ಕಿ ಸುರಿಯುತ್ತಿದ್ದೆ. ಢಮಾರ್! ಚಕ್ರ ಒಡೆದು, ಅದರ ತುಂಡೊಂದು ಮೊದಲು ಬೆಂಚಿದ್ದ ಜಾಗದ ಮೇಲಿಂದ ಹಾರಿ, ಗೋಡೆ ತೂತು ಮಾಡಿಕೊಂಡು ರಸ್ತೆಯಂಚಿಗೆ ಬಿತ್ತು. ಹಳೆಯ ಸ್ವಿಚ್ಚಿದ್ದಲ್ಲಿ ಗೋಡೆಯೇ ಇರಲಿಲ್ಲ. ಬಾಗಿಲ ಬಳಿಗೆ ಓಡಿ ಕರೆಂಟು ತೆಗೆದೆ. ಬಿಸಿಲಿನ ಬೆಂಚಿನ ಮೇಲೆ ಕೂತವರಿಗೆ ಒಂದು ಗೀರೂ ಆಗಿರಲಿಲ್ಲ.

ಸುದ್ದಿ ಕೇಳಿ ದೊಡ್ಡಮ್ಮ ಬರಿಗಾಲಲ್ಲೇ ಓಡಿ ಬಂದಳು. ಸರಿ, ಇವತ್ತು ನನ್ನ ಗ್ರಹಚಾರ ಬಿಡಿಸುತ್ತಾಳೆ ಎಂದು ಹಲ್ಲು ಕಚ್ಚಿ ನಿಂತೆ.

"ನೀನ್ ಎಲ್ಲ್ ನಿಂತಿದ್ದೆ?"

ತೋರಿಸಿದೆ. ಚಕ್ರದ ನೇರದಿಂದ ಒಂದು ಮೊಳ ದೂರವೂ ಇರಲಿಲ್ಲ.

ದೊಡ್ಡಮ್ಮ ಆ ಜಾಗವನ್ನೇ ನೋಡಿದಳು. ನನ್ನ ತಲೆ, ಭುಜ, ತೋಳುಗಳನ್ನು ಮುಟ್ಟಿ ಮುಟ್ಟಿ ನೋಡಿದಳು.

"ಊರೋರ್ನೆಲ್ಲ ಎಬ್ಸ್ದೆ. ನಿನ್ನ್ ಜಾಗ ನಾನ್ ಕಾಣ್ಲೇ ಇಲ್ಲಲೆ ಮಗಾ..."

ಅಷ್ಟೇ. ಬೈಗುಳದ ಸುಳಿವೇ ಇಲ್ಲ. ನನ್ನ ಹಿಟ್ಟು ಮೆತ್ತಿದ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತುಬಿಟ್ಟಳು. ನನ್ನಿಂದ ತಡೆಯಲಾಗಲಿಲ್ಲ.

"ಬೈ ದೊಡ್ಡಮ್ಮ," ಎಂದೆ. "ಒಂದ್ ಸಲ ಬೈ."