ಡಚ್ಚರ ಮೇಲೆ ಮಾಮಾರ ಸಿಟ್ಟು

ನಮ್ಮ ಮಾಮಾ ಇಂಡೋನೇಷ್ಯಾಕ್ಕೆ ಹೋಗಿದ್ದು ಊರು ನೋಡಲಿಕ್ಕಲ್ಲ, ಜಗಳ ಮಾಡಲಿಕ್ಕೆ. ಅದೂ ಯಾರ ಜೊತೆ? ಆ ದೇಶ ಆಳಿ, ಯಾವ ಕಾಲಕ್ಕೋ ಗಂಟುಮೂಟೆ ಕಟ್ಟಿ ಹೋದ ಡಚ್ಚರ ಜೊತೆ!

ಮಾಮಾ ಎಂದರೆ ನನ್ನ ಅಕ್ಕನ ಗಂಡ. ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಕಾಳುಕಡಿ, ಮಸಾಲೆ ವ್ಯಾಪಾರ. ಈ ಬೇಸಿಗೆಯಲ್ಲಿ ಅಕ್ಕ ತೀರಿಕೊಂಡಳು. ಅಂದಿನಿಂದ ಮಾಮಾ ಭಾಲ್ಕಿಯ ಮನೆಗೆ ಹೋಗದೆ ಅಂಗಡಿಯಲ್ಲೇ ಮಲಗತೊಡಗಿದರು. ಎಲ್ಲಾದರೂ ತಿರುಗಿಸಿಕೊಂಡು ಬಂದು ಮನೆ ಸೇರಿಸು ಎಂದು ಹಿರಿಯರು ಅವರನ್ನು ನನ್ನ ಕೊರಳಿಗೆ ಕಟ್ಟಿದರು. ಲವಂಗದ ದೇಶವೇ ಬೇಕೆಂದು ಹಟ ಹಿಡಿದವರು ಮಾಮಾ.

ಜಕಾರ್ತಾದಲ್ಲಿ ಡಚ್ಚರ ಹಳೆಯ ಗೋದಾಮೊಂದು ಈಗ ವಸ್ತುಸಂಗ್ರಹಾಲಯ. ಅಲ್ಲಿ ನೋಡಲಿಕ್ಕೆ ಲವಂಗದ ಚೀಲ ಇಟ್ಟಿದ್ದರು. ನೋಡಲಿಕ್ಕೆ! ಗಂಜಿನವರು ಚೀಲ ಕಂಡರೆ ಸುಮ್ಮನಿರುತ್ತಾರೆಯೇ? ಮಾಮಾ ಮೊಣಕೈವರೆಗೆ ಕೈ ತೂರಿಸಿ, ಒಂದು ಲವಂಗ ಕಡಿದು, ಥೂ ಎಂದರು. "ಎಣ್ಣಿ ತೆಗದ ಮಾಲು!"

ಕಾವಲುಗಾರ ಸೀಟಿ ಊದಿದ.

"ನನಗ್ಯಾಕ ಊದ್ತಿಯೋ? ಹಡಗ ತುಂಬ ಒಯ್ದೋರಿಗೆ ಊದಿದ್ರೇನು?"

ಸುರಬಾಯಾದಲ್ಲಿ ಹಿಂದಿ ಬಲ್ಲ ಗೈಡ್ ಸಿಕ್ಕ. ಡಚ್ಚರು ಭತ್ತದ ಗದ್ದೆಗಳಲ್ಲಿ ಒತ್ತಾಯದಿಂದ ಕಬ್ಬು ನೆಡಿಸಿದರು ಎಂದ. ಮಾಮಾ ಕೆರಳಿದರು. "ರೈತ ಏನ್ ಬಿತ್ತಬೇಕಂತ ಖರೀದಿದಾರ ಹೇಳ್ತಾನ? ನಮ್ಮ ಕಮಲನಗರದ ರೈತರಾಗಿದ್ರ ಅಂಥ ಖರೀದಿದಾರನ್ನೇ ತೊಗರಿ ಚೀಲದಾಗ ಕಟ್ಟಿ ವಾಪಸ್ ಕಳಸ್ತಿದ್ರು!" ಆ ಸಿಟ್ಟಿಗೆ ಅಂದು ಚಹಾಕ್ಕೆ ಸಕ್ಕರೆ ಮುಟ್ಟಲಿಲ್ಲ. ಶುಗರ್ ಬಂದಿದೆ, ಬಿಡಿ ಎಂದು ಡಾಕ್ಟರು ಬೇಡಿಕೊಂಡಾಗ ಬಿಡದವರು!

ಮಕಾಸರ್‌ನ ಕೋಟೆಯಲ್ಲಿ ಇನ್ನೊಂದು ಕೇಳಿದೆವು. ಲವಂಗದ ದರ ಇಳಿಯಬಾರದೆಂದು ಡಚ್ಚರು ಎಷ್ಟೋ ದ್ವೀಪಗಳ ಮರಗಳನ್ನೇ ಕಡಿಸಿದರಂತೆ.

"ಬೆಳದ ಗಿಡ ಕಡದ್ರಾ? ಅಂಥದೊಂದು ದ್ವೀಪಕ್ಕ ನಡಿ!"

"ನಾಳಿ ಊರಿಗೆ ನಮ್ಮ ವಿಮಾನ ಅದರಿ, ಮಾಮಾ."

"ಟಿಕೆಟ್ ಬದಲ್ ಮಾಡು."

ಸುರಬಾಯಾ, ಮಕಾಸರ್ ಎರಡೂ ಹೀಗೇ ಟಿಕೆಟ್ ಬದಲಿಸಿಯೇ ಪ್ರವಾಸಕ್ಕೆ ಸೇರಿಕೊಂಡಿದ್ದವು! ನನಗೂ ತಲೆ ಕೆಟ್ಟಿತು. "ಡಚ್ಚರು ಯಾವಾಗೋ ಹೋದ್ರು. ಇನ್ನ್ಯಾರ ಸಂಗಾಟ ಜಗಳಾಡ್ತೀರಿ? ಮನಿಗೆ ನಡೀರಿ!"

ಮಾಮಾ ಕೋಟೆಯ ಗೋಡೆಗೆ ಒರಗಿದರು. "ಗಂಜಿನಾಗ ದಿನಾ ಜಗಳಾಡ್ತಿದ್ದೆ. ಮನಿಗೆ ಹೋಗಿ ನಿಮ್ಮಕ್ಕನ ಮುಂದ ಹೇಳಿದ್ರ ಹೊಟ್ಟಿ ಹಗುರ ಆಗ್ತಿತ್ತು. ಈಗ ಹೋಗಿ ಯಾರ ಮುಂದ ಹೇಳ್ಲಿ?"

"ನನ್ನ ಮುಂದ ಹೇಳ್ರಿ."

"ನೀ ಅಲ್ಲೇ ಇದ್ದೆಲ್ಲ!"

"ನಾಚಿಕಿಗೆ ಕಿವಿ ಮುಚ್ಕೊಂಡಿದ್ದೆ. ಏನೂ ಕೇಳಿಲ್ರಿ."

ಭಾಲ್ಕಿಯ ಮನೆಯ ಬೀಗ ತೆಗೆದ ಸಂಜೆ, ಚಪ್ಪಲಿ ಬಿಡುವ ಮೊದಲೇ ಮಾಮಾ ಜಕಾರ್ತಾದಿಂದ ಶುರು ಮಾಡಿದರು. ಅಕ್ಕ ಕೂರುತ್ತಿದ್ದ ಜಾಗ ಬಿಟ್ಟು ಪಕ್ಕದಲ್ಲಿ ಕುಳಿತೆ.

"ಹೌದಾ? ಆಮ್ಯಾಲ ಏನಾತ್ರಿ?" ಎಂದೆ.

ಮಾಮಾ ಮಕಾಸರ್ ಮುಟ್ಟುವಷ್ಟರಲ್ಲಿ, ನಮ್ಮೂರು ಔರಾದಿಗೆ ಹೋಗುವ ಕಡೆಯ ಬಸ್ಸು ಹೊರಟುಹೋಗಿತ್ತು.