ಬಡಾವಣೆಗೆ ಬಂದ ಹುಳು

ಹೊಸ ಊರು ಕಟ್ಟುವವರು ನಕ್ಷೆಯಲ್ಲಿ ಎಲ್ಲಕ್ಕೂ ಜಾಗ ಇಡುತ್ತಾರೆ, ಪೇಚಾಟಕ್ಕೆ ಮಾತ್ರ ಇಡುವುದಿಲ್ಲ. ಅದು ತಾನಾಗಿ ಬಂದು ನೆಲೆಸುತ್ತದೆ. ಚನ್ನಪಟ್ಟಣದ ಹತ್ತಿರ ಹಿಪ್ಪುನೇರಳೆ ತೋಟವಿದ್ದ ಕಡೆ ಎದ್ದ ನಮ್ಮ ಉಪನಗರಕ್ಕೆ ಮೊದಲು ಕಮಾನು ಬಂತು, ಆಮೇಲೆ ಹನ್ನೊಂದು ಮನೆ. ನಿವಾಸಿಗಳ ಸಂಘದ ಮೊದಲ ಸಭೆಯಲ್ಲಿ ಜೇಬಿನಲ್ಲಿ ಪೆನ್ನಿದ್ದವನು ನಾನೊಬ್ಬನೇ. ಅದಕ್ಕೇ ಕಾರ್ಯದರ್ಶಿ ಮಾಡಿಬಿಟ್ಟರು.

೧. ಗೇಟಿನ ಪುಸ್ತಕ

ಬಡಾವಣೆಗೆ ಜಮೀನು ಕೊಟ್ಟ ಗೌಡರು ಇಲ್ಲೇ ಮನೆ ಕಟ್ಟಿಸಿಕೊಂಡು, ಬೆಡ್‌ರೂಮಿನಲ್ಲಿ ರೇಷ್ಮೆಹುಳು ಸಾಕಿದ್ದರು. ಹುಳಕ್ಕೆ ತಂಪು ಬೇಕೆಂದು ಎ.ಸಿ. ಹಾಕಿಸಿ, ತಾವು ಜಗಲಿಯಲ್ಲಿ ಮಲಗುತ್ತಿದ್ದರು. ಒಂದು ದಿನ ಹುಳಕ್ಕೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬಂದಾಗ ಹೊಸ ವಾಚ್‌ಮನ್ ತಡೆದ.

"ಯಾರ್ ಮನೆಗೆ? ಏನ್ ಕೆಲ್ಸ?"

"ಬುಡ್ಲಾ, ಮನೇಲಿ ಇಪ್ಪತ್ ಸಾವ್ರ ಜನ ಹಸ್ಕೊಂಡು ಕಾಯ್ತಾ ಕೂತವ್ರೆ!"

ಆತ ಪುಸ್ತಕದಲ್ಲಿ ಹಾಗೇ ಬರೆದುಕೊಂಡ. ಸಂಜೆ ಅದನ್ನು ಓದಿದ ಸಂಘದ ಅಧ್ಯಕ್ಷರು ನನ್ನಲ್ಲಿಗೆ ಓಡಿ ಬಂದರು. "ಅಷ್ಟು ಜನಕ್ಕೆ ಊಟ ಹಾಕ್ಲಿ ಬಿಡ್ರೀ, ಗಾಡಿಗಳನ್ನ ಎಲ್ಲಿ ನಿಲ್ಲಿಸ್ತಾರಂತೆ?"

೨. ನೋಟಿಸು

ವಿಷಯ ತಿಳಿದ ಮೇಲೆ ಅಧ್ಯಕ್ಷರು ಕೆಂಡವಾದರು. ವಾಸದ ಮನೆಯಲ್ಲಿ ಹುಳು ಸಾಕುವುದನ್ನು ನಿಷೇಧಿಸಲು ಭಾನುವಾರ ಸಭೆ ಎಂದು ನೋಟಿಸು ಬರೆಸಿ, ತಾವೇ ಕೊಡಲು ಹೊರಟರು. ಗೌಡರ ಹೆಂಡತಿ ಬಾಗಿಲಲ್ಲೇ ತಡೆದರು.

"ಸೆಂಟ್ ಹಾಕ್ಕೊಂಡಿದೀರ ಸಾ. ಆ ವಾಸ್ನೆ ಹುಳಕ್ಕಾಗಕಿಲ್ಲ. ಸ್ನಾನ ಮಾಡ್ಕೊಂಡ್ ಬನ್ನಿ."

ಅಧ್ಯಕ್ಷರು ನಿಜಕ್ಕೂ ಸ್ನಾನ ಮಾಡಿ ಬಂದರು! "ಈಗ ಸೋಪಿನ್ ವಾಸ್ನೆ" ಎಂದರು ಆಯಮ್ಮ. ಕೊನೆಗೆ ಅಧ್ಯಕ್ಷರು ನೋಟಿಸನ್ನು ಕಿಟಕಿಯಲ್ಲಿ ತೂರಿಸಿದರು. ಆಯಮ್ಮ ಅದನ್ನು ಮುಟ್ಟಿ ನೋಡಿ, "ಕಾಗ್ದ ಗಟ್ಟಿಯಾಗೈತೆ. ಹುಳದ ತಟ್ಟೆಗೆ ಹಾಸಕ್ಕೆ ಇನ್ನೊಸಿ ಕೊಡಿ" ಎಂದರು.

೩. ಕೈ ಎತ್ತಿ

ಭಾನುವಾರ ಬೆಳಿಗ್ಗೆಯೇ ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗಿಬಿಟ್ಟವು. ಹಣ್ಣಾದ ಹುಳುವನ್ನು ಅಂದೇ ಆರಿಸಿ ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಗೋಡೆ, ಎ.ಸಿ. ಅನ್ನದೆ ಎಲ್ಲೆಂದರಲ್ಲಿ ಗೂಡು ಕಟ್ಟುತ್ತವೆ. ಆಳುಗಳೆಲ್ಲ ದೊಡ್ಡಮಳೂರಿನ ಮದುವೆಗೆ ಹೋಗಿದ್ದರು.

"ತಿಂಗ್ಳ ಪಾಡು ಮಣ್ಣಾಯ್ತದೆ ಸಾ, ಒಸಿ ಕೈ ಹಾಕಿ" ಎಂದು ಗೌಡರು ನನ್ನ ಮುಂದೆ ಕಣ್ಣೀರಾದರು. ಸಭೆಗೆ ಬಂದವರನ್ನೆಲ್ಲ ಗೌಡರ ಮನೆಗೇ ಕರೆದೊಯ್ದೆ. ಹನ್ನೊಂದು ಮನೆಯವರೂ ಸೇರಿದ ಮೊದಲ ಸಭೆ ಅದು. ಚಂದ್ರಿಕೆಗೆ ಬಿಡಲೆಂದು ಆಯಮ್ಮ ಎಲ್ಲರ ಬೊಗಸೆಗೆ ಹುಳು ಸುರಿದರು, ಸೆಂಟ್ ಹಾಕದೆ, ಬೈಯುತ್ತಲೇ ಬಂದ ಅಧ್ಯಕ್ಷರ ಬೊಗಸೆಗೂ.

ಅಧ್ಯಕ್ಷರು ಜಗ್ಗಲಿಲ್ಲ. ನಿಂತಲ್ಲೇ ಘೋಷಿಸಿದರು: "ಹುಳು ಸಾಕಣೆ ನಿಷೇಧಕ್ಕೆ ಒಪ್ಪುವವರು ಕೈ ಎತ್ತಿ!"

"ಎತ್ಬ್ಯಾಡಿ, ಎತ್ಬ್ಯಾಡಿ! ಬಿದ್ದೋಯ್ತವೆ!" ಎಂದು ಗೌಡರು ಚೀರಿದರು.

ಒಬ್ಬರೂ ಎತ್ತಲಿಲ್ಲ. ತಮ್ಮ ಬೊಗಸೆ ನೋಡಿಕೊಂಡು ಅಧ್ಯಕ್ಷರೂ ಎತ್ತಲಿಲ್ಲ. ಆಮೇಲೆ ಕೈ ತೊಳೆದುಕೊಂಡು ನಾನು ನಡಾವಳಿ ಪುಸ್ತಕದಲ್ಲಿ ಬರೆದೆ: "ಎಲ್ಲರ ಕೈಯಲ್ಲೂ ಹುಳು ಇದ್ದ ಕಾರಣ ಹುಳು ನಿಷೇಧದ ನಿರ್ಣಯ ಸರ್ವಾನುಮತದಿಂದ ಬಿದ್ದುಹೋಯಿತು."