ಎಂಟನೆಯ ಮೂಲೆ ಬಾಕಿ ಇರುವ ಬಗ್ಗೆ

ಇಂದ,
ಶೀಲಾ, ವಯಸ್ಸು ನಲವತ್ತೆಂಟು,
ರೈಟರ್ ಮನೆ, ಎಸ್ಟೇಟ್ ಆಳುಗಳ ಲೈನ್ ಮನೆಗಳ ಪಕ್ಕ, ಹೆಗ್ಗದ್ದೆ.

ಗೆ,
ಶ್ರೀ ಏಕಾಂತಯ್ಯನವರು,
ಎಸ್ಟೇಟ್ ರೈಟರ್ (ಹಾಜರಿ ಮತ್ತು ಲೆಕ್ಕ) ಹಾಗೂ ಅರ್ಜಿದಾರಳ ಪತಿ,
ಅದೇ ಮನೆ.

ವಿಷಯ: ಮುಂದಿನ ವರ್ಷದ ಪ್ರವಾಸದ ಹಾಜರಿಯಲ್ಲಿ ಅರ್ಜಿದಾರಳ ಹೆಸರು ಸೇರಿಸದಿರುವಂತೆ ಕೋರಿ.

ಉಲ್ಲೇಖ: ಕಳೆದ ಭಾನುವಾರ ಸಂಜೆ ಅಡುಗೆಮನೆ ಬಾಗಿಲಲ್ಲಿ ನಿಂತು ತಾವು ನೀಡಿದ ಮೌಖಿಕ ಭರವಸೆ: “ಮುಂದಿನ್ ಸಲ ನಿನ್ ಹೆಸ್ರೇ ಮೊದ್ಲು ಬರೀತೀನಿ, ಆಯ್ತಾ?”

ಮಾನ್ಯರೇ,

ಬಾಯಿಮಾತು ನಡೆಯುವುದಿಲ್ಲ, ಏನಿದ್ದರೂ ಬರೆದು ಕೊಡಿ ಎಂದು ತಾವು ಇಪ್ಪತ್ತಾರು ವರ್ಷಗಳಿಂದ ಎಸ್ಟೇಟಿನ ಆಳುಗಳಿಗೆ ಹೇಳುತ್ತಿರುವುದನ್ನು ಅರ್ಜಿದಾರಳು ಒಲೆಯ ಮುಂದಿನಿಂದ ಕೇಳಿಸಿಕೊಂಡಿರುತ್ತಾಳೆ. ಕಾರಣ, ಬರೆದು ಕೊಡುತ್ತಿದ್ದಾಳೆ.

1. ಅರ್ಜಿದಾರಳ ನಾದಿನಿಯ ಯಜಮಾನರಾದ ಬಾಳ್ಳುಪೇಟೆಯ ನಟರಾಜ್ ಮೇಷ್ಟ್ರು ನಿವೃತ್ತರಾದ ಮೇಲೆ ನೆಂಟರನ್ನೆಲ್ಲ ಸೇರಿಸಿ ‘ಅಂದು–ಇಂದು’ ಎಂಬ ಒಂದು ದಿನದ ಪ್ರವಾಸ ಏರ್ಪಡಿಸಿದ್ದು ಸರಿಯಷ್ಟೆ. ಹಳೆಯದೊಂದು ನೋಡಬೇಕು, ಹೊಸದೊಂದು ನೋಡಬೇಕು, ವ್ಯಾನಿನಲ್ಲಿ ಕುಳಿತು ಹೋಲಿಸಬೇಕು ಎಂಬುದು ಮೇಷ್ಟ್ರ ನಿಯಮ.

2. ಅದರಂತೆ ಮೊದಲು ಒಂದು ಹಳೆಯ ಕಲ್ಲಿನ ಗುಡಿಗೂ, ನಂತರ ಹೊಸದಾಗಿ ನಿಲ್ಲಿಸಿರುವ ಅರವತ್ತಡಿ ಸಿಮೆಂಟ್ ಆಂಜನೇಯನಿಗೂ ಭೇಟಿ ನೀಡಲಾಯಿತು. ಎರಡೂ ಕಡೆ ಕೋತಿಗಳಿದ್ದುದರಿಂದ ರೊಟ್ಟಿ, ಚಟ್ನಿ, ಚಿತ್ರಾನ್ನವಿದ್ದ ನಾಲ್ಕು ಬ್ಯಾಗುಗಳನ್ನು ಕಾಯಲು ವಾಡಿಕೆಯಂತೆ ಅರ್ಜಿದಾರಳನ್ನು ಕೂರಿಸಲಾಯಿತು. ಹೋಲಿಕೆಯ ಸರದಿ ಬಂದಾಗ ಮೇಷ್ಟ್ರು, “ಶೀಲಕ್ಕ, ನಿಮಗೇನನ್ನಿಸ್ತು ಹೇಳಿ?” ಎಂದು ಕೇಳಿದರು. ಗುಡಿಯ ಮೆಟ್ಟಿಲು ತಣ್ಣಗಿತ್ತು, ಆಂಜನೇಯನ ಮುಂದಿನ ಸ್ಟೀಲ್ ಬೆಂಚು ಕಾದಿತ್ತು ಎಂದು ಅರ್ಜಿದಾರಳು ಉತ್ತರಿಸಿದಳು. ಎಲ್ಲರೂ ನಕ್ಕರು. ತಾವೂ ನಕ್ಕಿರಿ.

3. ತರುವಾಯ ಸಕಲೇಶಪುರದ ಬಳಿಯ ಮಂಜರಾಬಾದ್ ಕೋಟೆ. ಮದುವೆಯಾದ ಮೇಲೆ ಅರ್ಜಿದಾರಳು ಈ ಕೋಟೆಗೆ ಬಂದಿದ್ದು ಇದು ಐದನೆಯ ಸಲ. ಕೋಟೆ ನಕ್ಷತ್ರದ ಆಕಾರದಲ್ಲಿದೆ ಎಂದು ಮೇಲಿಂದ ಇಳಿದು ಬಂದವರು ಐದು ಸಲವೂ ಆಕೆಗೆ ತಿಳಿಸಿರುತ್ತಾರೆ.

4. ಊಟವಾದ ಮೇಲೆ ಅರ್ಜಿದಾರಳು ಪಾತ್ರೆ ತೊಳೆದು ಬ್ಯಾಗಿಗೆ ತುಂಬಿ, ತನ್ನ ಫೋನನ್ನೂ ಅದರಲ್ಲೇ ಇಟ್ಟು, ನೀರಿಗೆಂದು ಈಸಿಕೊಂಡಿದ್ದ ಕೊಡವನ್ನು ಅಂಗಡಿಗೆ ಹಿಂದಿರುಗಿಸಲು ಹೋದಳು. ಅಷ್ಟರಲ್ಲಿ ಬ್ಯಾಗುಗಳು ವ್ಯಾನು ಹತ್ತಿದವು. ತಾವು ಬಾಗಿಲಲ್ಲಿ ನಿಂತು ಎಸ್ಟೇಟಿನ ಪದ್ಧತಿಯಂತೆ ಹಾಜರಿ ಕರೆದಿರಿ. ರೈಟರ್ ಆದವರು ಹಾಜರಿಯಲ್ಲಿ ತಮ್ಮನ್ನು ಎಣಿಸಿಕೊಳ್ಳುವುದಿಲ್ಲ. ಹೆಂಡತಿಯನ್ನು ತಮ್ಮೊಳಗೇ ಸೇರಿಸಿಕೊಂಡಿದ್ದರಿಂದ ಆಕೆಯನ್ನೂ ಎಣಿಸಲಿಲ್ಲ. ಹದಿಮೂರು ಹೆಸರು, ಹದಿಮೂರು ತಲೆ. ಲೆಕ್ಕ ಸರಿಯಾಗಿಯೇ ಇತ್ತು. “ರೈಟ್!” ಎಂದಿರಿ. ವ್ಯಾನು ಹೊರಟಿತು.

5. ಮೆಟ್ಟಿಲ ಬುಡದಲ್ಲಿ ಸೌತೆಕಾಯಿ ಮಾರುವ ಭೂತಮ್ಮ ಇದಕ್ಕೆ ಸಾಕ್ಷಿ.

“ಅಯ್ಯೋ, ನಿಮ್ ವ್ಯಾನು ಹೋಗ್ಬುಡ್ತಲ್ಲವ್ವ!”

“ಬರ್ತಾರೆ. ಇಲ್ಲೇ ಕಾಯ್ತೀನಿ.”

“ಏನ ಕಾಯ್ತೀರ? ಬ್ಯಾಗೂ ಇಲ್ಲ, ಬುಟ್ಟಿನೂ ಇಲ್ಲ. ಬಂದಾಗ್ಲೆಲ್ಲ ಇದೇ ಮೆಟ್ಲ ಮ್ಯಾಲೆ ಕುಂತಿರ್ತೀರ, ನಾನೂ ನೋಡ್ತಾನೇ ಇವ್ನಿ. ಹತ್ ಬನ್ನಿ ಅತ್ಲಾಗೆ. ನಿಮ್ಮುನ್ನೇನು ಕೋತಿ ಎತ್ಕಂಡು ಹೋಗಕಿಲ್ಲ.”

ಅರ್ಧ ಸೌತೆಕಾಯಿಯನ್ನು ಹೋಳು ಮಾಡಿ, ಉಪ್ಪುಖಾರ ಹಚ್ಚಿ ಕಾಗದದಲ್ಲಿ ಸುತ್ತಿ ಕೈಗೂ ಕೊಟ್ಟಳು. ಆದ್ದರಿಂದ ಅರ್ಜಿದಾರಳು ಹತ್ತಿದಳು.

6. ಮೇಲೆ ಗೋಡೆಯ ಮೇಲೆಯೇ ನಡೆಯಬಹುದು ಎಂಬುದನ್ನು ಆಕೆಗೆ ಯಾರೂ ತಿಳಿಸಿರಲಿಲ್ಲ. ಗೋಡೆ ನೇರ ಹೋಗುವುದಿಲ್ಲ. ಮುಂದಕ್ಕೆ ಚಾಚಿ, ಚೂಪಾಗಿ, ಸೀರೆಯ ನೆರಿಗೆಯಂತೆ ಮತ್ತೆ ಒಳಕ್ಕೆ ಮಡಚಿಕೊಳ್ಳುತ್ತದೆ. ಹಾಗಾಗಿ ಒಂದು ಮೂಲೆಯಲ್ಲಿ ನಿಂತವರಿಗೆ ಪಕ್ಕದ ಮೂಲೆ ಕಾಣುತ್ತದೆ, ಅದರಾಚೆಗಿನದನ್ನು ನಡೆದೇ ನೋಡಬೇಕು. ಅರ್ಜಿದಾರಳು ನಡೆದಳು. ಪ್ರತಿ ಮೂಲೆಯಲ್ಲೂ ನಿಂತು ಒಂದೊಂದು ಹೋಳು ತಿಂದಳು. “ಶೀಲಾ, ನೀರು”, “ಅತ್ತೆ, ಚಾರ್ಜರು” ಎಂದು ಯಾರೂ ಕೂಗಲಿಲ್ಲ. ಮೂರನೆಯ ಮೂಲೆಯವರೆಗೆ ಯಾರಾದರೂ ಕೂಗಿಯಾರೆಂದು ಕಿವಿ ಕಾಯುತ್ತಿತ್ತು. ನಾಲ್ಕನೆಯದರಲ್ಲಿ ಕಿವಿಯೂ ಸುಮ್ಮನಾಯಿತು.

ಏಳನೆಯ ಮೂಲೆಯಿಂದ ಕೆಳಗೆ ಹೊಸ ಹೆದ್ದಾರಿ ಕಂಡಿತು. ಮೇಷ್ಟ್ರ ನಿಯಮದಂತೆ ಅರ್ಜಿದಾರಳು ಒಬ್ಬಳೇ ಹೋಲಿಕೆ ಮಾಡಿದಳು. ಹೊಸದನ್ನು ಎಲ್ಲರೂ ಬೇಗ ಬರಲೆಂದು ಕಟ್ಟಿದ್ದಾರೆ. ಹಳೆಯದನ್ನು ಯಾರೂ ಸುಲಭಕ್ಕೆ ಬರದಿರಲೆಂದು ಕಟ್ಟಿದ್ದಾರೆ. ಆ ಕ್ಷಣಕ್ಕೆ ಹಳೆಯದೇ ಹೆಚ್ಚು ಅನುಕೂಲಕರವೆನಿಸಿತು. ಅಷ್ಟರಲ್ಲಿ ಕೆಳಗೆ ವ್ಯಾನಿನ ಹಾರನ್ ಕೇಳಿಸಿತು.

7. ವ್ಯಾನು ಹಿಂದಿರುಗಿದ ಕಾರಣವನ್ನು ಡ್ರೈವರ್ ಸುಫಿಯಾನ್ ಮುಚ್ಚುಮರೆಯಿಲ್ಲದೆ ತಿಳಿಸಿರುತ್ತಾನೆ. ಮುಂದಿನ ಸ್ಥಳವಾದ ಹೊಸ ಗಾಜಿನ ಸೇತುವೆಯ ಮೇಲೆ ಬ್ಯಾಗು ಒಯ್ಯುವಂತಿರಲಿಲ್ಲವಂತೆ. “ಬ್ಯಾಗ್ ಯಾರ್ ಹತ್ರ ಬುಡಾದು ಅಂತ ಹುಡುಕ್ದಾಗ್ಲೇ ಗೊತ್ತಾಗಿದ್ದು ಕಣಕ್ಕ, ನೀವಿಲ್ಲ ಅಂತ.” ಅಲ್ಲಿಯವರೆಗೆ ಮುಕ್ಕಾಲು ಗಂಟೆಯ ದಾರಿ. ಈ ಅಂಶದ ಬಗ್ಗೆ ಅರ್ಜಿದಾರಳು ಹೆಚ್ಚೇನೂ ಬರೆಯಲು ಇಚ್ಛಿಸುವುದಿಲ್ಲ.

8. ಆಕೆ ಇಳಿದು ಬಂದಾಗ ತಾವು ಬೆವರುತ್ತಿದ್ದಿರಿ. “ಕೆಳಗೆ ಕುಂತಿರೋದ್ ಬುಟ್ಟು ಮೇಲಕ್ಯಾಕೆ ಹೋದೆ ಮಾರಾಯ್ತಿ? ಎಷ್ಟ್ ಗಾಬ್ರಿಯಾಯ್ತು ಗೊತ್ತಾ!” ಎಂದು ಬೈದಿರಿ. ಗಾಬರಿ ನಿಜವಾದದ್ದೆಂದು ಅರ್ಜಿದಾರಳು ಒಪ್ಪುತ್ತಾಳೆ. ಆದರೆ ಮೇಲೇನು ಕಂಡೆ ಎಂದು ಅಂದಿನಿಂದ ಇಂದಿನವರೆಗೆ ತಾವು ಕೇಳಿರುವುದಿಲ್ಲ.

9. ಕೋಟೆಗೆ ಎಂಟು ಮೂಲೆಗಳಿದ್ದು, ಎಂಟನೆಯದು ಬಾಕಿ ಇದೆ. ಅರ್ಜಿದಾರಳ ಹೆಸರು ಹಾಜರಿಯಲ್ಲಿ ಮೊದಲು ಬಂದಲ್ಲಿ, ಬ್ಯಾಗಿನ ಕೆಲಸವೂ ಆಕೆಯ ಹೆಸರಿನ ಮುಂದೆಯೇ ಬರುತ್ತದೆ. ಎಸ್ಟೇಟಿನ ಹಾಜರಿ ಪುಸ್ತಕವಾದ ಮಸ್ಟರಿನಲ್ಲಿ ಹೆಸರಿದ್ದವರಿಗೆ ಕೆಲಸ ಹಚ್ಚದೆ ತಾವು ಬಿಟ್ಟ ಉದಾಹರಣೆಯಿಲ್ಲ.

ಆದ್ದರಿಂದ ಮುಂದಿನ ವರ್ಷವೂ ಅದೇ ಕೋಟೆಗೆ ಕರೆದೊಯ್ದು, ಹಾಜರಿಯನ್ನು ಅದೇ ಪದ್ಧತಿಯಲ್ಲಿ ಕರೆದು, ಅರ್ಜಿದಾರಳನ್ನು ಎರಡು ಗಂಟೆಗೆ ಕಡಿಮೆಯಿಲ್ಲದಂತೆ ಬಿಟ್ಟುಹೋಗಬೇಕಾಗಿ ಕೋರಿಕೆ. ತಾವೂ ಹಾಜರಿಯಲ್ಲಿ ಇಲ್ಲದವರೇ ಆದ್ದರಿಂದ, ಇಚ್ಛೆಯಿದ್ದಲ್ಲಿ ಜೊತೆಗೆ ಉಳಿಯಬಹುದು. ಆದರೆ ಕೂಗಬಾರದು.

ಇಂತಿ, ಹಾಜರಿಯ ಪ್ರಕಾರ ತಮ್ಮೊಳಗೇ ಇರುವ
ತಮ್ಮ ವಿಶ್ವಾಸಿ,
ಶೀಲಾ

ಲಗತ್ತುಗಳು:
1. ಸೌತೆಕಾಯಿ ಸುತ್ತಿದ್ದ ಕಾಗದ. ಹಿಂಬದಿಯಲ್ಲಿ ಅರ್ಜಿದಾರಳು ಬರೆದ ಕೋಟೆಯ ನಕ್ಷೆ (ಏಳು ಮೂಲೆ).
2. ಪ್ರವಾಸದ ಫೋಟೊ ಒಂದು. ಇದರಲ್ಲಿ ಎಡಗಡೆ ಬ್ಯಾಗುಗಳೂ ಅರ್ಜಿದಾರಳ ಮೊಣಕೈಯೂ ಕಾಣುತ್ತವೆ.
3. ಸದರಿ ಬ್ಯಾಗುಗಳು, ನಾಲ್ಕು. ಜಗುಲಿಯ ಮೇಲೆ ಇಡಲಾಗಿದೆ.

ವಿ.ಸೂ.: ಅರ್ಜಿದಾರಳು ಬೆಳಿಗ್ಗೆ ಎಂಟರ ಬಸ್ಸಿಗೆ ಸಕಲೇಶಪುರದ ಕಡೆ ಹೋಗಿರುತ್ತಾಳೆ. ಮುಂದಿನ ವರ್ಷದವರೆಗೆ ತಡೆಯಲಾಗಲಿಲ್ಲ. ಜಗುಲಿಗೆ ಕೋತಿಗಳು ಬರುವುದರಿಂದ, ಆಕೆ ಹಿಂದಿರುಗುವವರೆಗೆ ಲಗತ್ತು 3ರ ಪಕ್ಕದಲ್ಲಿ ತಾವು ಕುಳಿತಿರಬೇಕಾಗಿ ವಿನಂತಿ.